ಫ್ಯಾನ್ ಮೋಟಾರ್ ಬದಲಿಸುವ ಮೊದಲು ಪರೀಕ್ಷಿಸಲಿ

ಮಾನ್ಯರೇ,

ಕಳೆದ ತಿಂಗಳು ಮಂಗಳೂರಿನಿಂದ ಹೊರಟು ಶಿರಾಡಿ ಘಾಟಿ ಏರುವಾಗ ನಮ್ಮ ಕಾರಿನ ಎಂಜಿನ್ ಮಿತಿಮೀರಿ ಬಿಸಿಯಾಯಿತು. ರೇಡಿಯೇಟರ್ ಫ್ಯಾನ್ ತಿರುಗುತ್ತಿರಲಿಲ್ಲ. ಗ್ಯಾರೇಜಿನವರು ಯಾವ ಪರೀಕ್ಷೆಯನ್ನೂ ಮಾಡದೆ ಮೋಟಾರನ್ನೇ ಬದಲಿಸಿದರು. ಎರಡೇ ದಿನದಲ್ಲಿ ಅದೇ ತೊಂದರೆ ಮರುಕಳಿಸಿತು. ಕೊನೆಗೆ ಊರಿನ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಕಳಚಿಟ್ಟಿದ್ದ ಹಳೆಯ ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಟ್ಟಾಗ ಅದು ಸರಾಗವಾಗಿ ತಿರುಗಿತು. ದೋಷವಿದ್ದದ್ದು ಮೋಟಾರಿನಿಂದ ವಿದ್ಯುತ್ ಮರಳುವ ಅರ್ತ್ ವೈರಿನಲ್ಲಿ: ಕಾರಿನ ಲೋಹದ ಮೈಗೆ ಬೋಲ್ಟ್ ಹಾಕಿದ ಅದರ ತುದಿಗೆ ಹಸಿರು ಕಿಲುಬು ಹಿಡಿದಿತ್ತು.

ಉಪ್ಪುಗಾಳಿಯೂ ತಿಂಗಳುಗಟ್ಟಲೆ ಮಳೆಯೂ ಇರುವ ನಮ್ಮ ಕರಾವಳಿಯಲ್ಲಿ ಇದು ಅಪರೂಪದ ದೋಷವಲ್ಲ. ಆದ್ದರಿಂದ ಫ್ಯೂಸ್ ಮತ್ತು ರಿಲೇ (ಫ್ಯಾನಿಗೆ ವಿದ್ಯುತ್ ಹರಿಸುವ ಸ್ವಿಚ್ಚು) ನೋಡಿದ ಬಳಿಕ, ಫ್ಯಾನ್ ಓಡಬೇಕಾದ ಹೊತ್ತಿನಲ್ಲಿ ಕನೆಕ್ಟರನ್ನು ಕಳಚದೆಯೇ ಮೋಟಾರಿಗೆ ಹೆಚ್ಚುಕಡಿಮೆ ಬ್ಯಾಟರಿಯಷ್ಟೇ ವೋಲ್ಟೇಜ್ ಸಿಗುತ್ತಿದೆಯೇ ಎಂದು ಮೀಟರಿನಲ್ಲಿ ಅಳೆದ ಮೇಲಷ್ಟೇ ಮೋಟಾರ್ ಬದಲಿಸುವ ಮಾತೆತ್ತಬೇಕು. ಅನೇಕ ಕಾರುಗಳಲ್ಲಿ ಎ.ಸಿ. ಹಾಕಿದಾಗಲೂ ಫ್ಯಾನ್ ತಿರುಗುತ್ತದೆ. ಆಗ ತಿರುಗಿ, ಎಂಜಿನ್ ಕಾದಾಗ ಮಾತ್ರ ತಿರುಗದಿದ್ದರೆ ತಾಪಮಾನದ ಸೆನ್ಸರನ್ನು ಶಂಕಿಸಬಹುದು. ಕೆಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ಫ್ಯಾನ್ ಥಟ್ಟನೆ ತಿರುಗುವುದರಿಂದ ಅಲ್ಲಿ ಕೈಯಿಡುವವರು ಎಚ್ಚರದಿಂದಿರಬೇಕು. ಅಳತೆಯ ವಿವರವನ್ನು ಬಿಲ್ಲಿನಲ್ಲಿಯೇ ಬರೆದುಕೊಡಬೇಕೆಂದು ಗ್ಯಾರೇಜಿನವರಲ್ಲಿ ನನ್ನ ವಿನಂತಿ.

– ಓರ್ವ ಓದುಗ, ಉಡುಪಿ