ಸೇವಂತಿಗೆ ಮೊಗ್ಗೊಡೆಯುವ ಕಾಲ

ಬಸವನಗುಡಿ, ಬೆಂಗಳೂರು

ಚಿ. ಸುಮಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ತಾರಸಿಯ ಸೇವಂತಿಗೆ ಗಿಡಗಳು ಸೊಂಪಾಗಿ ಬೆಳೆದಿದ್ದರೂ ಒಂದು ಬದಿಯ ಕುಂಡಗಳಲ್ಲಿ ಮೊಗ್ಗೇ ಮೂಡಿಲ್ಲ, ಇನ್ನೊಂದು ಬದಿಯಲ್ಲಿ ಮೊಗ್ಗು ಬಂದ ಮೇಲೆ ಎಲೆಯ ಅಂಚು ಸುಡುತ್ತಿದೆ ಎಂದು ಬರೆದಿದ್ದೀಯೆ. ನೀನು ಕಳುಹಿಸಿದ ಚಿತ್ರಗಳನ್ನು ನೋಡಿದರೆ ಮೊದಲನೆಯದು ಬೆಳಕಿನ ದೋಷ, ಎರಡನೆಯದು ಗೊಬ್ಬರದ ದೋಷ ಎಂದು ನನಗೆ ತೋರುತ್ತದೆ.

ಮೊಗ್ಗಿಲ್ಲದ ಕುಂಡಗಳೆಲ್ಲ ಬೀದಿದೀಪದ ಕಡೆಗೇ ಇವೆ. ಹಗಲಿನ ಅಳತೆಯನ್ನು ನೋಡಿಕೊಂಡು ಗಿಡ ಹೂಬಿಡುತ್ತದೆ ಎಂಬುದನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ತಂಬಾಕು ಮತ್ತು ಸೋಯಾ ಗಿಡಗಳಲ್ಲಿ ತೋರಿಸಿದರು. ಗಿಡ ನಿಜವಾಗಿ ಅಳೆಯುವುದು ಎಡೆಬಿಡದ ಕತ್ತಲೆಯ ಉದ್ದವನ್ನು ಎಂಬುದು ಆಮೇಲೆ ತಿಳಿದುಬಂತು. ಸೇವಂತಿಗೆ ಮೊಗ್ಗೊಡೆಯಲು ಉದ್ದನೆಯ ರಾತ್ರಿಯೇ ಬೇಕು. ಬೆಂಗಳೂರಿನಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲೂ ಸುಮಾರು 12 ಗಂಟೆ 50 ನಿಮಿಷವನ್ನು ಮೀರುವುದಿಲ್ಲ, ಡಿಸೆಂಬರಿನಲ್ಲಿ ಅದು 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ಆದ್ದರಿಂದ ಈ ಊರಿನ ಸಹಜ ರಾತ್ರಿಯೇ ಸೇವಂತಿಗೆಗೆ ಸಾಕು, ಅದನ್ನು ನಾವು ಕೆಡಿಸದಿದ್ದರೆ. ನಗರದ ಸುತ್ತಲಿನ ಪಾಲಿಹೌಸುಗಳಲ್ಲಿ (ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೂಮನೆಗಳಲ್ಲಿ) ಕಾಂಡ ಉದ್ದವಾಗಲೆಂದು ನಡುರಾತ್ರಿ ಕೆಲವು ಗಂಟೆ ದೀಪ ಉರಿಸಿ ಮೊಗ್ಗನ್ನು ಬೇಕೆಂದೇ ತಡೆಹಿಡಿಯುತ್ತಾರೆ. ನಿನ್ನ ಬೀದಿದೀಪ ಬೇಡದ ಆ ಕೆಲಸವನ್ನೇ ಇಡೀ ರಾತ್ರಿ ಮಾಡುತ್ತಿದೆ.

ಕಪ್ಪು ಬಟ್ಟೆ ಹೊದಿಸುವುದು ಒಂದು ಉಪಾಯ. ಆದರೆ ಬಿಸಿಲು ಪೂರ್ತಿ ಇಳಿಯುವ ಮೊದಲು ಹೊದಿಸಿದರೆ ಒಳಗೆ ಕಾವು ನಿಂತು ಮೊಗ್ಗು ಇನ್ನೂ ತಡವಾಗುತ್ತದೆ, ನಡುವೆ ಕೆಲವು ರಾತ್ರಿ ಮರೆತರೂ ಪಟ್ಟ ಶ್ರಮ ವ್ಯರ್ಥ. ಕುಂಡಗಳನ್ನು ನೀರಿನ ಟ್ಯಾಂಕಿನ ಹಿಂಬದಿಗೆ ಸರಿಸುವುದೇ ಮೇಲು. ಅಲ್ಲಿ ಹಗಲು ಐದಾರು ಗಂಟೆ ನೇರ ಬಿಸಿಲು ಬೀಳುತ್ತದೆಯೇ ಎಂದು ಮಾತ್ರ ನೋಡಿಕೋ. ಮೊಗ್ಗಿನಲ್ಲಿ ಬಣ್ಣ ಕಾಣುವವರೆಗೆ ರಾತ್ರಿ ತಾರಸಿಯ ದೀಪವನ್ನೂ ಹಾಕಬೇಡ.

ಇನ್ನು ಗೊಬ್ಬರದ ಮಾತು. ಮೊಗ್ಗು ಬಂದ ಗಿಡಕ್ಕೆ ಹೆಚ್ಚು ಉಣಿಸಬೇಕೆಂದು ಅಕ್ಕರೆಯಿಂದ ವಾರವಾರವೂ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ ಗೊಬ್ಬರ) ಹಾಕಿದ್ದೀಯೆ ಎಂದು ಕಾಣುತ್ತದೆ. ಚಿತ್ರದಲ್ಲಿ ಎಲೆಗಳು ಕಡುಹಸಿರಾಗಿ ಕೆಳಕ್ಕೆ ಮುದುರಿವೆ, ಅಂಚು ಕಂದಾಗಿದೆ, ಕುಂಡದ ಬಾಯಿಯ ಸುತ್ತ ಬಿಳಿಯ ಉಪ್ಪು ಕಟ್ಟಿದೆ. ಇದು ಕೊರತೆಯಲ್ಲ, ಅತಿಯಾದದ್ದು. ಸಾರಜನಕ ಬೇಕಾದದ್ದು ಕುಡಿ ಚಿವುಟಿ ಕವಲೊಡೆಯುವ ದಿನಗಳಲ್ಲಿ. ಮೊಗ್ಗು ಕಡಲೆಕಾಳಿನಷ್ಟಾದ ಮೇಲೂ ಅದನ್ನು ಸುರಿದರೆ ಕಾಂಡ ಮೆತ್ತಗಾಗುತ್ತದೆ, ಹೂ ಬೇಗ ಬಾಡುತ್ತದೆ, ಗಿಡಹೇನು ಮುತ್ತುತ್ತದೆ. ನಿನ್ನ ಕೊಳವೆಬಾವಿಯ ಗಡಸು ನೀರು ಈ ಉಪ್ಪಿಗೆ ತನ್ನದನ್ನೂ ಸೇರಿಸುತ್ತದೆ, ಕಬ್ಬಿಣವು ಬೇರಿಗೆ ದಕ್ಕದಂತೆಯೂ ಮಾಡುತ್ತದೆ. ತುದಿಯ ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಸೂಚನೆ. ಬುಡದ ಹಳೆಯ ಎಲೆಯಲ್ಲಿ ಹಾಗಾದರೆ ಮೆಗ್ನೀಷಿಯಂ ಕೊರತೆ. ಎರಡನ್ನೂ ಒಂದೇ ಎಂದು ಭಾವಿಸಿ ಮದ್ದು ಹಾಕಬೇಡ.

ಮೊದಲು ಮಳೆನೀರನ್ನೋ ಕಾವೇರಿ ನೀರನ್ನೋ ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವಂತೆ ಹಾಕಿ ಮಣ್ಣನ್ನು ತೊಳೆ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡು. ಹತ್ತು ಹನ್ನೆರಡು ದಿನ ಯಾವ ಗೊಬ್ಬರವೂ ಬೇಡ. ಹೊಸ ಎಲೆ ನೆಟ್ಟಗೆ ಬಂದ ಮೇಲೆ 0:0:50 ಗೊಬ್ಬರವನ್ನು, ಎಂದರೆ ಪೊಟ್ಯಾಸಿಯಂ ಸಲ್ಫೇಟನ್ನು, ಲೀಟರಿಗೆ 1 ಗ್ರಾಂನಂತೆ ಕರಗಿಸಿ, ಒದ್ದೆ ಮಣ್ಣಿಗೆ, ಹದಿನೈದು ದಿನಕ್ಕೊಮ್ಮೆ ಕೊಡು. ಕ್ಯಾಲ್ಸಿಯಂ ನೈಟ್ರೇಟನ್ನು ಅದರೊಡನೆ ಒಂದೇ ಬಕೆಟ್ಟಿನಲ್ಲಿ ಬೆರೆಸಬೇಡ, ಜಿಪ್ಸಮ್ ಆಗಿ ತಳಕ್ಕೆ ಇಳಿಯುತ್ತದೆ. ಬಣ್ಣ ಕಂಡ ದಿನದಿಂದ ಬರಿಯ ನೀರು ಸಾಕು, ಅದೂ ಬೆಳಗ್ಗೆ ಮಾತ್ರ, ಬುಡಕ್ಕೆ ಮಾತ್ರ. ಸಂಜೆ ಮೊಗ್ಗಿನ ಮೇಲೆ ನಿಂತ ನೀರಿನಿಂದ ಬೂಷ್ಟು ಹಿಡಿಯುತ್ತದೆ.

ಸರಿಸಿದ ಕುಂಡಗಳಲ್ಲಿ ಮೊಗ್ಗು ಕಾಣಲು ಮೂರ್ನಾಲ್ಕು ವಾರವಾದರೂ ಬೇಕು. ಅಷ್ಟರೊಳಗೆ ಮತ್ತೆ ಕುಡಿ ಚಿವುಟಬೇಡ.

ಇಂತಿ ನಿನ್ನ ದೊಡ್ಡಪ್ಪ