ಗೆಳೆಯನಿಗೊಂದು ಪತ್ರ: ಇದಕ್ಕೇಕೆ ಬೇರೆ ಪಂಕ್ತಿ?

ತೀರ್ಥಹಳ್ಳಿ

ಪ್ರೀತಿಯ ಗೆಳೆಯಾ,

ನಿನ್ನ ಕಾಲೇಜಿನ ಪಾಠಪಟ್ಟಿ ಕಳಿಸಿದ್ದೆಯಲ್ಲ, ಓದಿದೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ವಿಭಾಗದಲ್ಲಿದೆ. ಎಂ.ಕೆ. ಇಂದಿರಾ ಅವರ ಕಾದಂಬರಿ ‘ಫಣಿಯಮ್ಮ’ ಮಾತ್ರ ಕೊನೆಯಲ್ಲಿ, ‘ಮಹಿಳಾ ಸಾಹಿತ್ಯ’ದಲ್ಲಿ. ಅದಕ್ಕೇಕೆ ಬೇರೆ ಪಂಕ್ತಿ?

ಇಬ್ಬರೂ ನಮ್ಮ ಸೀಮೆಯವರೇ. ಅನಂತಮೂರ್ತಿಯವರದು ಮೇಳಿಗೆ, ಇಂದಿರಾ ಹುಟ್ಟಿದ್ದು ಇಲ್ಲೇ ತೀರ್ಥಹಳ್ಳಿಯಲ್ಲಿ. ಒಂದು 1965ರ ಕಾದಂಬರಿ, ಇನ್ನೊಂದು 1976ರದು. ಎರಡರಲ್ಲೂ ಅದೇ ಮಡಿ, ಅದೇ ಊರವರ ಬಾಯಿ. ಆದರೆ ಒಂದನ್ನು ಓದುವಾಗ ನಾವು ಜಗಲಿಯಲ್ಲಿರುತ್ತೇವೆ, ಇನ್ನೊಂದರಲ್ಲಿ ಒಳಮನೆಯಲ್ಲಿ.

‘ಸಂಸ್ಕಾರ’ದ ಚಂದ್ರಿಯನ್ನೇ ನೋಡು, ಬ್ರಾಹ್ಮಣ್ಯ ಬಿಟ್ಟ ನಾರಣಪ್ಪನ ಜೊತೆ ಬಾಳಿದವಳು. ಅವನು ಸತ್ತಾಗ ಹೆಣ ಸುಡುವವರು ಯಾರು ಅಂತ ಅಗ್ರಹಾರದ ಗಂಡಸರು ತರ್ಕ ಮಾಡುತ್ತಾ ಕೂರುತ್ತಾರೆ. ಮೈಮೇಲಿನ ಬಂಗಾರ ಬಿಚ್ಚಿ ಅವರ ಮುಂದಿಟ್ಟವಳು ಅವಳು. ಕೊನೆಗೆ ರಾತ್ರೋರಾತ್ರಿ ಹೆಣ ಸುಡಿಸಿದವಳೂ ಅವಳೇ. ಅಲ್ಲಿಗೆ ಪ್ರಶ್ನೆ ಬಗೆಹರಿಯಿತು, ಅಲ್ವಾ? ಆದರೂ ಕತೆ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಹಿಂದೆಯೇ ಹೋಗುತ್ತದೆ. ದೊಡ್ಡ ಕಾದಂಬರಿ, ಅದರಲ್ಲಿ ಎರಡು ಮಾತಿಲ್ಲ. ಓದಿದಾಗಲೆಲ್ಲ ನನಗೆ ಮಾತ್ರ ಚಂದ್ರಿಯ ಚಿಂತೆಯೇ ಜಾಸ್ತಿ.

ಇಂದಿರಾ ಇಂಥ ಹೆಂಗಸರ ಜೊತೆಗೇ ಉಳಿಯುತ್ತಾರೆ. ಫಣಿಯಮ್ಮ ಎಳೆ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ತಲೆ ಬೋಳಿಸಿಕೊಂಡವಳು. ಬದುಕಿಡೀ ಕಟ್ಟುನಿಟ್ಟಾಗಿ ಮಡಿಯಲ್ಲಿದ್ದವಳು. ಮುಂದೆ ದಾಕ್ಷಾಯಿಣಿ ಅನ್ನುವ ಹುಡುಗಿ ವಿಧವೆಯಾಗಿ, ತಲೆ ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದಾಗ ಇದೇ ಫಣಿಯಮ್ಮ ಅವಳ ಪರ ನಿಲ್ಲುತ್ತಾಳೆ. ‘ಸಂಸ್ಕಾರ’ದ ಆಚಾರ್ಯರು ಗ್ರಂಥಗಳನ್ನೆಲ್ಲ ತಡಕಿದರೂ ಅವರಿಗೆ ಉತ್ತರ ಸಿಗಲಿಲ್ಲ. ಇವಳು ಗ್ರಂಥ ಬಿಚ್ಚುವುದೇ ಇಲ್ಲ. ತಾನು ಪಟ್ಟ ಪಾಡು ಈ ಕೂಸಿಗೆ ಬೇಡ, ಅಷ್ಟೇ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತುಬಿಟ್ಟಿದ್ದೆ.

ಇಂದಿರಾ ಯಾರಿಗೋ ಜವಾಬು ಕೊಡಲೆಂದು ಬರೆದರು ಅಂತ ನಾನು ಹೇಳುತ್ತಿಲ್ಲ. ಅದು ಮನೆಯ ಹೆಂಗಸರ ಬಾಯಿಂದ ಬಾಯಿಗೆ ಬಂದ ಕತೆ. ಅದರ ಗಟ್ಟಿತನ ಇರುವುದೇ ಅಲ್ಲಿ.

ಕತೆಗಾರ್ತಿ ವೈದೇಹಿ ಮಾತ್ರ ನೇರವಾಗಿ ಕಾಳಿದಾಸನ ಎದುರಿಗೇ ನಿಂತರು. ಮಹಾಭಾರತದ ಶಕುಂತಲೆ ತುಂಬಿದ ಸಭೆಯಲ್ಲಿ ದುಷ್ಯಂತನ ಜೊತೆ ವಾದ ಮಾಡುತ್ತಾಳೆ. ಕಾಳಿದಾಸ ದೂರ್ವಾಸರ ಶಾಪ ತಂದು ರಾಜನ ಮಾನ ಉಳಿಸಿದ. ವೈದೇಹಿಯವರ ‘ಶಕುಂತಲೆಯೊಂದಿಗೆ ಕಳೆದ ಅಪರಾಹ್ನ’ ಕತೆಯಲ್ಲಿ ಶಕುಂತಲೆಯೇ ಕೂತು ತನ್ನ ಕತೆ ಹೇಳುತ್ತಾಳೆ. ಇದನ್ನು ‘ಮಹಿಳಾ ಸಾಹಿತ್ಯ’ ಅಂತ ಪಕ್ಕಕ್ಕಿಟ್ಟರೆ ಕಾಳಿದಾಸನನ್ನೂ ಅರ್ಧವೇ ಓದಿದಂತಾಯಿತು.

ಆ ವಿಭಾಗ ತೆಗೆದುಬಿಡು, ಮಾರಾಯ. ಎರಡು ಕಾದಂಬರಿಗಳನ್ನೂ ಒಟ್ಟಿಗೇ ಓದಿಸು. ಮೊದಲು ‘ಫಣಿಯಮ್ಮ’, ಆಮೇಲೆ ‘ಸಂಸ್ಕಾರ’. ಆಗ ಹುಡುಗಿಯರು ಏನು ಕೇಳಿದರು, ಹುಡುಗರು ಏನಂದರು, ಎಲ್ಲ ಬರಿ. ಕಾಯ್ತಿರ್ತೇನೆ.

ನಿನ್ನ ಗೆಳತಿ