ಮರದ ಪೆಟ್ಟಿಗೆ ಒಂದು, ಬೆಲೆ ಇಲ್ಲ: ಶಾಸಕರಿಗೆ ಒಂದು ಬಹಿರಂಗ ಪತ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರಗಳು. ಕಳೆದ ವಾರ ಒಂದು ಕಚೇರಿಯಿಂದ ಫೋನ್ ಬಂದಿತ್ತು. ಉತ್ಸವದ ಮೆರವಣಿಗೆಗೆ ನಮ್ಮ ಶ್ರೀಕೃಷ್ಣ ಪಾರಿಜಾತದ (ಹಾಡಿ ಆಡುವ ನಮ್ಮ ಕಡೆಯ ಬಯಲಾಟ) ಮೇಳ ಬೇಕಂತೆ. "ಕಿರೀಟ, ಭುಜಕೀರ್ತಿ ಎಲ್ಲ ತನ್ನಿ, ಫೋಟೋ ಚೆನ್ನಾಗಿ ಬರುತ್ತದೆ" ಎಂದರು. 2019ರಿಂದ ನುಂಗಿಕೊಂಡು ಬಂದ ಮಾತು ಆಗ ಗಂಟಲಿಗೆ ಬಂತು.

ಆ ವರ್ಷದ ಆಗಸ್ಟ್‌ನಲ್ಲಿ ಘಟಪ್ರಭೆ ನದಿ ಊರೊಳಗೆ ಬಂದಾಗ ಮುದುಕರು, ಮಕ್ಕಳು, ದನಕರು ಇಷ್ಟನ್ನೇ ಸಾಗಿಸಲು ಆಯಿತು. ಅಜ್ಜನ ಟ್ರಂಕನ್ನೂ ಹಾರ್ಮೋನಿಯಂ ಪೆಟ್ಟಿಗೆಯನ್ನೂ ಅಟ್ಟಕ್ಕೇರಿಸಿ ಹೊರಟೆವು. ನೀರು ಅಟ್ಟವನ್ನೂ ಬಿಡಲಿಲ್ಲ. ಗಂಜಿ ಕೇಂದ್ರದಿಂದ ಒಂಬತ್ತನೆಯ ದಿನ ಮರಳಿ ಟ್ರಂಕ್ ತೆರೆದರೆ, ಅಜ್ಜ ಕೈಯಾರೆ ಬರೆದಿದ್ದ ಆಟದ ಹಾಡುಗಳ, ಅಂದರೆ ಪದಗಳ, ವಹಿಗಳು ಹಸಿ ಇಟ್ಟಿಗೆಯಂತೆ ಅಂಟಿಕೊಂಡಿದ್ದವು. ಶಾಯಿ ಕರಗಿ ಸತ್ಯಭಾಮೆಯ ಪದವೂ ಕೊರವಂಜಿಯ ಪದವೂ ಒಂದೇ ನೀಲಿ ಕಲೆಯಾಗಿದ್ದವು. ಬಣ್ಣದ ಕಾಗದದ ಕಿರೀಟ ಕೈಯಲ್ಲಿ ಮುದ್ದೆಯಾಯಿತು. ಹಾರ್ಮೋನಿಯಂನ ತಿದಿ ಅಂಟು ಬಿಟ್ಟಿತ್ತು, ಹಿತ್ತಾಳೆಯ ರೀಡುಗಳಿಗೆ ಕಿಲುಬು ಹಿಡಿದಿತ್ತು.

ನಮಗೆ ಗೊತ್ತಿದ್ದದ್ದು ಬಿಸಿಲೊಂದೇ. ವಹಿಗಳನ್ನು ಅಂಗಳದಲ್ಲಿ ಹರವಿದೆವು. ಉಳಿದಿದ್ದ ಹಾಳೆಗಳೂ ಸುರುಟಿ ಪುಡಿಯಾದವು. ಒದ್ದೆ ಕಾಗದವನ್ನು ಬಿಸಿಲಿಗೆ ಹಾಕಬಾರದು, ನೆರಳಿನಲ್ಲಿ ಹಾಳೆಗಳ ನಡುವೆ ನೀರು ಹೀರುವ ಕಾಗದ ಇಟ್ಟು ಗಾಳಿಗೆ ಒಣಗಿಸಬೇಕು, ಎರಡು ದಿನ ತಡವಾದರೆ ಬೂಸ್ಟು ಹಿಡಿಯುತ್ತದೆ ಎಂದು ವರ್ಷಗಳ ಮೇಲೆ ಯಾರೋ ಹೇಳಿದರು. ನೀರು ಕಾಯಿಸಿ ಕುಡಿಯಿರಿ ಎಂದು ಮೈಕಿನಲ್ಲಿ ಕೂಗಿದವರು ಇದನ್ನೂ ಒಂದು ಸಲ ಕೂಗಿದ್ದರೆ ಅವರ ಗಂಟಲೇನೂ ಹರಿಯುತ್ತಿರಲಿಲ್ಲ.

ಆಮೇಲೆ ಸರ್ಕಾರದವರು ನಷ್ಟ ಬರೆದುಕೊಳ್ಳುವ ಪಂಚನಾಮೆಗೆ ಬಂದರು. ಪಾತ್ರೆ ಎಷ್ಟು, ಹಾಸಿಗೆ ಎಷ್ಟು, ಬಟ್ಟೆ ಎಷ್ಟು? ಹಾರ್ಮೋನಿಯಂ ಮುಂದೆ ಬಂದು ಪೆನ್ನು ನಿಂತಿತು. ಅದಕ್ಕೆ ಕಾಲಂ ಇರಲಿಲ್ಲ. ಸ್ವಲ್ಪ ಯೋಚಿಸಿ ಬರೆದುಕೊಂಡರು: "ಹಳೆಯ ಮರದ ಪೆಟ್ಟಿಗೆ, 1. ಬೆಲೆ ಇಲ್ಲ." ಅಪ್ಪ ಅದನ್ನು ಓದಿ, ಸಹಿ ಹಾಕಿ, ಒಳಗೆ ಹೋಗಿ ಮಲಗಿದರು. ಸಂಜೆಯವರೆಗೆ ಏಳಲಿಲ್ಲ. ಮುಂದೆ ಅರ್ಜಿ ಹಿಡಿದು ಕಚೇರಿಗೆ ಹೋದಾಗ ಖರೀದಿ ರಸೀದಿ ಕೇಳಿದರು. ಅಜ್ಜ ಸತ್ತೇ ನಲವತ್ತು ವರ್ಷವಾಗಿದೆ. ರಸೀದಿಯನ್ನು ಎಲ್ಲಿಂದ ತರಲಿ?

ನಿಯಮ ತಮಗೆ ಗೊತ್ತೇ ಇದೆ. ಮನೆ ಸಾಮಾನಿಗೆಂದು ಅಂದು ಹತ್ತು ಸಾವಿರ ರೂಪಾಯಿ ಬಂತು, ಇಲ್ಲವೆನ್ನುವುದಿಲ್ಲ. ಕುಶಲಕರ್ಮಿಗಳ ಹಾಳಾದ ಉಪಕರಣಕ್ಕೆ ಆಗ 4,100 ರೂಪಾಯಿ ನಿಗದಿಯಾಗಿತ್ತು. ನಾವೂ ಕೇಳಿದೆವು. ಮಗ್ಗದಲ್ಲಿ ನೇಯುವವನು ಕುಶಲಕರ್ಮಿ, ಹಾಡುವವನು ಅಲ್ಲ ಎಂದು ಹಿಂದಕ್ಕೆ ಕಳುಹಿಸಿದರು. ಒಳ್ಳೆಯದು. ಮೆರವಣಿಗೆಗೆ ಮಾತ್ರ ನಾವು ನಾಡಿನ ಹೆಮ್ಮೆ.

ಅದೇ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳಿಗೂ ನುಗ್ಗಿದಾಗ ಪತ್ರಿಕೆಗಳ ತುಂಬ ಚಿತ್ರಗಳಿದ್ದವು. ಬರಬೇಕಾದದ್ದೇ. ಆದರೆ ಕಲ್ಲು ಕೆಸರು ತೊಳೆದರೆ ನಿಲ್ಲುತ್ತದೆ, ಅಜ್ಜನ ವಹಿ ನಿಲ್ಲುವುದಿಲ್ಲ.

ಕೇಳುವುದು ಇಷ್ಟೇ. ಪಂಚನಾಮೆಯಲ್ಲಿ ವಾದ್ಯ, ವೇಷಭೂಷಣ, ಕೈಬರಹದ ವಹಿಗಳಿಗೆ ಒಂದು ಕಾಲಂ ಕೊಡಿ. ನೀರಿಳಿದ ಎರಡು ದಿನದೊಳಗೆ ಒದ್ದೆ ಕಾಗದ ನೋಡಲು ಬಲ್ಲವರೊಬ್ಬರನ್ನು ಕಳುಹಿಸಿ. ರಸೀದಿ ಕೇಳಬೇಡಿ, ಊರಿನ ನಾಲ್ಕು ಹಿರಿಯರ ಮಾತು ಸಾಕು. ದುಡ್ಡು ಎಷ್ಟು ಎಂಬುದು ಆಮೇಲಿನ ಮಾತು, ಮೊದಲು ಕಾಲಂ ಕೊಡಿ. 2021ರಲ್ಲಿ ನದಿ ಮತ್ತೆ ಬಂತು, 2024ರಲ್ಲೂ ಬಂತು. ಕಾಲಂ ಬರಲಿಲ್ಲ.

ಮೆರವಣಿಗೆಗೆ ಬರುತ್ತೇವೆ. ಕಿರೀಟ ಇಲ್ಲ. ಬೇಕಾದರೆ ಆ ಮರದ ಪೆಟ್ಟಿಗೆಯನ್ನು ತರುತ್ತೇವೆ, ಅದರ ದಾಖಲೆ ಹೇಗೂ ಸರ್ಕಾರದ ಬಳಿ ಇದೆ. ಚಿಕ್ಕಪ್ಪನ ಮನೆಯಲ್ಲಿ ಎರಡು ವಹಿಗಳು ಉಳಿದಿವೆ. ಬರುವ ಮಳೆಗಾಲಕ್ಕೆ ಅವನ್ನು ಎಲ್ಲಿಡಬೇಕು ಎಂಬುದನ್ನಾದರೂ ತಿಳಿಸಿ.

ಇಂತಿ,
ಘಟಪ್ರಭೆಯ ದಂಡೆಯ ಒಬ್ಬ ಪಾರಿಜಾತ ಕಲಾವಿದ